ಸಿಗಡಿಯ ಊಟದಲ್ಲಿ ಮೀನಿನ ಬದಲು ಏನು? ಹೊಸ ಪ್ರೋಟೀನನ್ನು ಪರೀಕ್ಷೆ ಮಾಡೋದು ಹೇಗೆ



ಇವತ್ತಿನ ವಿಷಯ ಹುಟ್ಟಿದ್ದು ಒಂದು ವಾಟ್ಸ್‌ಆ್ಯಪ್ ಸಂದೇಶದಿಂದ. ಕಳಿಸಿದವರು ದುಬೈನಲ್ಲಿರುವ ನಮ್ಮ ಕೇಳುಗರೊಬ್ಬರು. ಅವರ ಅಣ್ಣ ಕುಮಟಾ ಹತ್ತಿರ, ಅಘನಾಶಿನಿ ಅಳಿವೆಯ ಪಕ್ಕದ ಗಜನಿ ಭೂಮಿಯಲ್ಲಿ ಸಿಗಡಿ ಸಾಕ್ತಾರೆ. ಸಂದೇಶದಲ್ಲಿ ಇದ್ದದ್ದು ಇಷ್ಟು: "ಫೀಡ್ ಏಜೆಂಟ್ ಒಬ್ಬರು ಬಂದು ಹೊಸ ಫೀಡ್ ತೋರಿಸಿದ್ರಂತೆ. ಮೀನಿನ ಹಿಟ್ಟು ಚೂರೂ ಇಲ್ಲ, ಬರೀ ಸೋಯಾ ಮತ್ತು ಹುಳದ ಪ್ರೋಟೀನು, ರೇಟು ಕಡಿಮೆ. ಜೊತೆಗೆ ಒಂದು ಹಾಳೆ ಕೊಟ್ಟಿದ್ದಾರೆ. ಅದರಲ್ಲಿ 'ಬೆಳವಣಿಗೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ' ಅಂತ ಬರೆದಿದೆ. ಅಣ್ಣ ಈ ಬೆಳೆಗೆ ಸಾಲ ಮಾಡಿದ್ದಾನೆ. ನಂಬಬಹುದಾ, ಕೇಳಿ ಹೇಳು ಅಂತಿದ್ದಾನೆ."

ನಾವಿರೋದು ಟೆಕ್ಸಸ್‌ನಲ್ಲಿ, ಮೆಕ್ಸಿಕೊ ಕೊಲ್ಲಿಯ ಕರಾವಳಿಗೆ ಹತ್ತಿರ. ನಮ್ಮ ಕೆಲಸವೇ ಸಿಗಡಿಗೆ ಬೇರೆ ಬೇರೆ ಹಿಟ್ಟುಗಳನ್ನು ತಿನ್ನಿಸಿ ನೋಡೋದು. ಹಾಗಾಗಿ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಟ್ಟು ಸುಮ್ಮನಾಗೋಕೆ ಮನಸ್ಸು ಬರಲಿಲ್ಲ. "ವ್ಯತ್ಯಾಸ ಕಂಡುಬಂದಿಲ್ಲ" ಅನ್ನೋ ಮಾತು ನಿಜವಾಗಿಯೂ ಇರಬಹುದು. ಆದರೆ ಆ ಮಾತಿಗೆ ಎರಡು ಅರ್ಥ ಇವೆ. ಒಂದು, ಎರಡು ಫೀಡುಗಳೂ ಒಂದೇ ಥರ ಕೆಲಸ ಮಾಡುತ್ತವೆ. ಇನ್ನೊಂದು, ವ್ಯತ್ಯಾಸ ಇತ್ತು, ಆದರೆ ಆ ಪ್ರಯೋಗಕ್ಕೆ ಅದನ್ನು ನೋಡುವ ಕಣ್ಣು ಇರಲಿಲ್ಲ. ಈ ಎರಡರ ನಡುವಿನ ಅಂತರವೇ ಇವತ್ತಿನ ಸಂಚಿಕೆ.

ಸಿಗಡಿಗೆ ಮೀನು ಯಾಕೆ ಬೇಕು?

ಇಲ್ಲಿ ಅಮೆರಿಕದಲ್ಲಿ ಯಾವುದೇ ದೊಡ್ಡ ಅಂಗಡಿಯ ಫ್ರೀಜರ್ ತೆರೆದು ಸಿಗಡಿ ಪ್ಯಾಕೆಟ್ ತಿರುಗಿಸಿ ನೋಡಿ. ತುಂಬಾ ಸಲ "ಪ್ರಾಡಕ್ಟ್ ಆಫ್ ಇಂಡಿಯಾ" ಅಂತಿರುತ್ತೆ. ಅದರಲ್ಲಿ ಹೆಚ್ಚಿನ ಪಾಲು ಆಂಧ್ರದ ಹೊಂಡಗಳಿಂದ ಬಂದದ್ದು. ತಳಿ ಮಾತ್ರ ನಮ್ಮ ದೇಶದ್ದಲ್ಲ. ಅದು ವನ್ನಾಮಿ, ಅಂದ್ರೆ ಮೆಕ್ಸಿಕೊದಿಂದ ಪೆರುವಿನ ತನಕದ ಪೆಸಿಫಿಕ್ ಕರಾವಳಿಯ ಬಿಳಿ ಸಿಗಡಿ. ಭಾರತದಲ್ಲಿ ಅದರ ಸಾಕಣೆಗೆ ಅನುಮತಿ ಸಿಕ್ಕಿದ್ದು 2009ರಲ್ಲಿ. ಅದಕ್ಕೂ ಮೊದಲು ನಮ್ಮ ಕರಾವಳಿಯಲ್ಲಿ ಇದ್ದದ್ದು ಹುಲಿ ಸಿಗಡಿ. 1990ರ ದಶಕದಲ್ಲಿ ಬಿಳಿ ಚುಕ್ಕೆ ರೋಗದ ವೈರಸ್ ಬಂದು ಆ ಬೆಳೆ ನೆಲಕಚ್ಚಿತು. ನಮ್ಮ ಕರಾವಳಿಯ ಕೇಳುಗರ ಮನೆಗಳಲ್ಲಿ ಆ ಕಥೆ ಇನ್ನೂ ಹಳತಾಗಿಲ್ಲ.

ಸಾಕಣೆ ಸಿಗಡಿಯ ಫೀಡಿನಲ್ಲಿ ಸಾಮಾನ್ಯವಾಗಿ ಶೇ. 30ರಿಂದ 40ರಷ್ಟು ಪ್ರೋಟೀನು ಇರುತ್ತೆ. ಹಸುವಿಗೆ ಹಾಕುವ ಹಿಂಡಿ ಬೂಸಾಕ್ಕೆ ಹೋಲಿಸಿದರೆ ಇದು ಬಹಳ ಜಾಸ್ತಿ. ಈ ಪ್ರೋಟೀನಿನ ಹಳೆಯ, ನಂಬಿಕೆಯ ಮೂಲ ಫಿಶ್‌ಮೀಲ್. ಸಣ್ಣ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಮಾಡಿದ ಹಿಟ್ಟು. ಒಂದು ಕಿಲೋ ಹಿಟ್ಟಿಗೆ ನಾಲ್ಕರಿಂದ ಐದು ಕಿಲೋ ಹಸಿ ಮೀನು ಬೇಕು.

ಜಗತ್ತಿನ ಫಿಶ್‌ಮೀಲಿನ ದೊಡ್ಡ ಮೂಲ ಪೆರುವಿನ ಆಂಚೊವೆಟಾ ಅನ್ನೋ ಪುಟ್ಟ ಮೀನು. 1970ರ ಹೊತ್ತಿಗೆ ಅದರ ಹಿಡಿತ ವರ್ಷಕ್ಕೆ 1.2 ಕೋಟಿ ಟನ್ ದಾಟಿತ್ತು. 1972–73ರ ಎಲ್ ನಿನೊದಲ್ಲಿ ಕುಸಿದು ಬಿತ್ತು. 2023ರಲ್ಲಿ ಮತ್ತೆ ಎಲ್ ನಿನೊ ಬಂದಾಗ, ಬಲೆಗೆ ಬೀಳ್ತಿದ್ದದ್ದೆಲ್ಲ ಮರಿಮೀನು ಅಂತ ಪೆರು ಸರ್ಕಾರ ಆ ವರ್ಷದ ಮೊದಲ ಹಂಗಾಮನ್ನೇ ರದ್ದು ಮಾಡಿತು. ಫಿಶ್‌ಮೀಲಿನ ರೇಟು ಎಲ್ಲಾ ಕಡೆ ಏರಿತು. ಸಮುದ್ರದ ನೀರು ಪೆರುವಿನಲ್ಲಿ ಬೆಚ್ಚಗಾದರೆ ಫೀಡಿನ ಚೀಲದ ಬೆಲೆ ಕುಮಟಾದಲ್ಲೂ ಅಲುಗಾಡುತ್ತೆ.

ನಮ್ಮ ಕಡೆ ಈ ಕಥೆಯಲ್ಲಿ ಬರೋದು ಬೂತಾಯಿ. ಮಂಗಳೂರು, ಉಳ್ಳಾಲ, ಮಲ್ಪೆ ಕಡೆಯವರಿಗೆ ಫಿಶ್‌ಮೀಲ್ ಕಾರ್ಖಾನೆಯ ವಾಸನೆ ಗೊತ್ತೇ ಇರುತ್ತೆ. ಬೂತಾಯಿ ಒಂದು ವರ್ಷ ರಾಶಿ ಬಿದ್ದರೆ ಇನ್ನೊಂದು ವರ್ಷ ಕಣ್ಣಿಗೇ ಬೀಳಲ್ಲ. ಪಕ್ಕದ ಕೇರಳದ ಲೆಕ್ಕ ನೋಡಿ. 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಇದೇ ಮೀನು, 2021ರಲ್ಲಿ 4 ಸಾವಿರ ಟನ್ನೂ ಮುಟ್ಟಲಿಲ್ಲ. ಮನೆಯ ಗಸಿಗೆ ಹೋಗಬೇಕಾದ ಮೀನು ಸಿಗಡಿಯ ಹೊಂಡಕ್ಕೆ ಹೋಗ್ತಿದೆ ಅನ್ನೋ ತಕರಾರೂ ಇದೆ, ಅದು ಸುಳ್ಳಲ್ಲ.

ಹಾಗಾಗಿ ಬದಲಿ ಬೇಕು, ಅದರಲ್ಲಿ ಅನುಮಾನ ಇಲ್ಲ. 1990ರ ದಶಕದ ಮಧ್ಯದಲ್ಲಿ ಸಿಗಡಿ ಫೀಡಿನ ಕಾಲು ಭಾಗದಷ್ಟು ಫಿಶ್‌ಮೀಲೇ ಇತ್ತು. ಈಗ ಅದು ಬಹಳ ಇಳಿದಿದೆ. ಆ ಜಾಗಕ್ಕೆ ಸೋಯಾ ಹಿಂಡಿ, ಕೋಳಿ ಸಂಸ್ಕರಣೆಯಲ್ಲಿ ಉಳಿದ ಭಾಗಗಳ ಹಿಟ್ಟು, ಜೋಳದ ಗ್ಲುಟನ್, ಕಪ್ಪು ಸೈನಿಕ ನೊಣದ ಹುಳ, ಮೀಥೇನ್ ಅನಿಲ ತಿಂದು ಬೆಳೆಯುವ ಬ್ಯಾಕ್ಟೀರಿಯಾದ ಪುಡಿ, ಹೀಗೆ ಒಂದೊಂದೇ ಬರುತ್ತಿವೆ. ಪ್ರತಿಯೊಂದೂ ಬರುವಾಗ ಒಂದು ಹಾಳೆ ಹಿಡ್ಕೊಂಡೇ ಬರುತ್ತೆ. ಆ ಹಾಳೆಯನ್ನು ಓದೋದು ಹೇಗೆ?

ಚೀಲದ ಮೇಲಿನ "ಪ್ರೋಟೀನು"

ಮೊದಲನೇ ಪ್ರಶ್ನೆ: ಇದರಲ್ಲಿ ಪ್ರೋಟೀನು ಎಷ್ಟಿದೆ? ಸುಲಭದ ಪ್ರಶ್ನೆ ಅನ್ಸುತ್ತೆ. ಆದರೆ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಅಳೆಯೋದು ಪ್ರೋಟೀನನ್ನಲ್ಲ, ಸಾರಜನಕವನ್ನು. ಪ್ರೋಟೀನಿನಲ್ಲಿ ಸರಾಸರಿ ಶೇ. 16ರಷ್ಟು ಸಾರಜನಕ ಇರುತ್ತೆ ಅಂತ ಹಿಡಿದು, ಬಂದ ಸಾರಜನಕವನ್ನು 6.25ರಿಂದ ಗುಣಿಸ್ತಾರೆ. ಬಂದದ್ದು "ಕಚ್ಚಾ ಪ್ರೋಟೀನು". ಚೀಲದ ಮೇಲೆ ಅಚ್ಚಾಗೋದು ಈ ಸಂಖ್ಯೆ.

ಇದರಲ್ಲಿರುವ ತೂತು ಎಷ್ಟು ದೊಡ್ಡದು ಅಂತ 2007 ಮತ್ತು 2008ರಲ್ಲಿ ಜಗತ್ತಿಗೆಲ್ಲ ಗೊತ್ತಾಯ್ತು. ಚೀನಾದಲ್ಲಿ ಮೆಲಮೈನ್ ಅನ್ನೋ ರಾಸಾಯನಿಕವನ್ನು ಮೊದಲು ಸಾಕುಪ್ರಾಣಿಗಳ ಆಹಾರಕ್ಕೆ ಹೋಗುವ ಗೋಧಿ ಗ್ಲುಟನ್‌ಗೆ, ಆಮೇಲೆ ಹಾಲಿಗೆ ಬೆರೆಸಿದ್ದು ಬಯಲಾಯಿತು. ಮೆಲಮೈನಿನಲ್ಲಿ ಪ್ರೋಟೀನು ಸೊನ್ನೆ, ಸಾರಜನಕ ಭರ್ತಿ. ಪರೀಕ್ಷೆಯಲ್ಲಿ ಹಾಲು ಗಟ್ಟಿ ಅಂತ ತೋರಿಸಿತು. ಎಳೆ ಮಕ್ಕಳ ಮೂತ್ರಪಿಂಡ ಹಾಳಾಯಿತು.

ಅದು ಮೋಸ. ಆದರೆ ಮೋಸ ಇಲ್ಲದೆಯೂ ಈ ಲೆಕ್ಕ ತಪ್ಪುತ್ತೆ. ಹುಳದ ಚಿಪ್ಪಿನಲ್ಲಿ ಕೈಟಿನ್ ಇದೆ, ಅದರಲ್ಲೂ ಸಾರಜನಕ ಇದೆ. 6.25ರಿಂದ ಗುಣಿಸಿದರೆ ಕೈಟಿನ್ನೂ ಪ್ರೋಟೀನಿನ ಲೆಕ್ಕಕ್ಕೆ ಸೇರಿಬಿಡುತ್ತೆ. 2017ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್ ಸಂಶೋಧಕರು ಇದನ್ನು ಅಳೆದು, ಇಡೀ ಹುಳಕ್ಕೆ 6.25ರ ಬದಲು 4.76 ಬಳಸಿ ಅಂದರು. ಅಂದ್ರೆ ಹಳೇ ಲೆಕ್ಕದಲ್ಲಿ ಶೇ. 45 ಅಂತ ಬಂದ ಪ್ರೋಟೀನು ಹೊಸ ಲೆಕ್ಕದಲ್ಲಿ ಶೇ. 34ರ ಹತ್ತಿರ. ಯಾರೂ ಸುಳ್ಳು ಹೇಳಿಲ್ಲ, ಆದರೂ ಕಾಲು ಭಾಗದಷ್ಟು ಪ್ರೋಟೀನು ಕಾಗದದ ಮೇಲೆ ಮಾತ್ರ ಇತ್ತು.

ತಿಂದದ್ದೆಲ್ಲಾ ಮೈಗೆ ಹತ್ತುತ್ತಾ?

ಎರಡನೇ ಪ್ರಶ್ನೆ: ಎಷ್ಟು ಜೀರ್ಣವಾಗುತ್ತೆ? ಕೋಳಿ ಪುಕ್ಕದ ಹಿಟ್ಟಿನಲ್ಲಿ ಪ್ರೋಟೀನು ಶೇ. 80ರ ಮೇಲೆ. ಫಿಶ್‌ಮೀಲಿಗಿಂತ ಜಾಸ್ತಿ! ಆದರೆ ಅದು ಕೆರಾಟಿನ್, ಅಂದ್ರೆ ನಮ್ಮ ಉಗುರು ಕೂದಲಿನ ವಸ್ತು. ಸಿಗಡಿಯ ಹೊಟ್ಟೆ ಅದನ್ನು ಅಷ್ಟು ಸುಲಭಕ್ಕೆ ಒಡೆಯೋದಿಲ್ಲ. ಅದೇ ಚೆನ್ನಾಗಿ ಸಂಸ್ಕರಿಸಿದ ಸೋಯಾ ಹಿಂಡಿಯ ಪ್ರೋಟೀನು ಫಿಶ್‌ಮೀಲಿನಷ್ಟೇ ಜೀರ್ಣವಾಗುತ್ತೆ.

ಇದನ್ನು ಅಳೆಯೋ ವಿಧಾನ ನಮಗೆ ಯಾವಾಗಲೂ ಖುಷಿ ಕೊಡುತ್ತೆ. ಫೀಡಿಗೆ ಜೀರ್ಣವೇ ಆಗದ ಒಂದು ಪುಡಿಯನ್ನು ಚಿಟಿಕೆಯಷ್ಟು ಸೇರಿಸ್ತೀವಿ. ಸಾಮಾನ್ಯವಾಗಿ ಕ್ರೋಮಿಯಂ ಆಕ್ಸೈಡ್ ಅಥವಾ ಇಟ್ರಿಯಂ ಆಕ್ಸೈಡ್. ಸಿಗಡಿ ಆಹಾರ ಹೀರಿಕೊಂಡಷ್ಟೂ ಹಿಕ್ಕೆಯಲ್ಲಿ ಈ ಗುರುತಿನ ಪುಡಿ ದಟ್ಟವಾಗುತ್ತೆ. ಹಾಲು ಬತ್ತಿಸಿದಷ್ಟೂ ಸಕ್ಕರೆ ಸಿಹಿ ಏರುತ್ತಲ್ಲ, ಹಾಗೆ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಫೀಡಿನಲ್ಲಿ ಗುರುತು ಶೇ. 0.5, ಹಿಕ್ಕೆಯಲ್ಲಿ ಶೇ. 2. ನಾಲ್ಕು ಪಟ್ಟು ಏರಿದೆ. ಅಂದ್ರೆ ತಿಂದದ್ದರಲ್ಲಿ ಕಾಲು ಭಾಗ ಮಾತ್ರ ಹೊರಗೆ ಬಂದಿದೆ, ಮುಕ್ಕಾಲು ಒಳಗೆ ಹೋಗಿದೆ. ಈಗ ಪ್ರೋಟೀನು ಫೀಡಿನಲ್ಲಿ ಶೇ. 36, ಹಿಕ್ಕೆಯಲ್ಲಿ ಶೇ. 18 ಇದ್ದರೆ, ಹೊರಗೆ ಬಂದ ಪ್ರೋಟೀನು ಕಾಲರಲ್ಲಿ ಅರ್ಧ, ಅಂದ್ರೆ ಎಂಟನೇ ಒಂದು ಭಾಗ. ಜೀರ್ಣವಾದದ್ದು ಶೇ. 87.5.

ಒಂದೇ ಹಿಟ್ಟನ್ನು ಪೂರ್ತಿ ತಿನ್ನಿಸಿದರೆ ಸಿಗಡಿ ತಿನ್ನಲ್ಲ. ಆದ್ದರಿಂದ 70 ಭಾಗ ಗೊತ್ತಿರುವ ಫೀಡು, 30 ಭಾಗ ಹೊಸ ಹಿಟ್ಟು ಬೆರೆಸಿ, ಆಮೇಲೆ ಹೊಸದರ ಪಾಲನ್ನು ಲೆಕ್ಕ ಹಾಕಿ ಬಿಡಿಸ್ತೀವಿ. ಇನ್ನು ಹಿಕ್ಕೆ ಸಂಗ್ರಹಿಸೋ ಕೆಲಸದ ಬಗ್ಗೆ ಹೆಚ್ಚು ಹೇಳೋದು ಬೇಡ. ಸಿಗಡಿಯ ಹಿಕ್ಕೆ ತೆಳು ದಾರದ ಥರ ಇರುತ್ತೆ. ನೀರಲ್ಲಿ ಬಿಟ್ಟಷ್ಟೂ ಅದರ ಸಾರ ಕರಗಿ ಹೋಗುತ್ತೆ, ಲೆಕ್ಕ ಏರುಪೇರಾಗುತ್ತೆ. ಹಾಗಾಗಿ ಬಿದ್ದ ತಕ್ಷಣ ಸಣ್ಣ ಕೊಳವೆಯಲ್ಲಿ ಎಳೆದು ತೆಗೀಬೇಕು. ಪಿಎಚ್‌ಡಿಯ ಎಷ್ಟೋ ರಾತ್ರಿಗಳು ಹೀಗೇ ಕಳೆದಿವೆ.

ರುಚಿ, ವಾಸನೆ ಮತ್ತು ಕಾಳು

ಮೂರನೇ ಪ್ರಶ್ನೆ: ಸಿಗಡಿ ಅದನ್ನು ತಿನ್ನುತ್ತಾ? ಮೀನಿನ ಹಾಗೆ ಸಿಗಡಿ ಫೀಡನ್ನು ಗಬಕ್ಕನೆ ನುಂಗಲ್ಲ. ಮೊದಲು ಸಣ್ಣ ಮೀಸೆಗಳಿಂದ ನೀರಿನ ವಾಸನೆ ಹಿಡಿದು ಬರುತ್ತೆ. ಕಾಳನ್ನು ಪುಟ್ಟ ಕಾಲುಗಳಲ್ಲಿ ಎತ್ಕೊಂಡು, ಮಕ್ಕಳು ಚಕ್ಕುಲಿ ಕಡಿದ ಹಾಗೆ ಅಂಚಿನಿಂದ ಸ್ವಲ್ಪ ಸ್ವಲ್ಪ ಕಡಿಯುತ್ತೆ. ಅಷ್ಟು ಹೊತ್ತು ಕಾಳು ನೀರಲ್ಲಿ ಕರಗದೆ ನಿಲ್ಲಬೇಕು, ಆದರೆ ವಾಸನೆ ಮಾತ್ರ ಬಿಡ್ತಾ ಇರಬೇಕು.

ಫಿಶ್‌ಮೀಲಿನಿಂದ ಬಿಡಿ ಅಮೈನೊ ಆಮ್ಲಗಳು, ನ್ಯೂಕ್ಲಿಯೊಟೈಡುಗಳು ನೀರಿಗೆ ಬಿಟ್ಟುಕೊಂಡು ಸಿಗಡಿಯನ್ನು ಕರೀತವೆ. ಸೋಯಾಕ್ಕೆ ಆ ಕರೆ ಇಲ್ಲ. ಅದಕ್ಕೇ ಸ್ಕ್ವಿಡ್ ಅಥವಾ ಕ್ರಿಲ್ ಹಿಟ್ಟನ್ನು ಸ್ವಲ್ಪ ಬೆರೆಸ್ತಾರೆ. ಹಾಗಾಗಿ "ಫಿಶ್‌ಮೀಲ್ ಇಲ್ಲ" ಅನ್ನುವ ಫೀಡಿನಲ್ಲಿ ಸಮುದ್ರದ ಬೇರೆ ಪದಾರ್ಥ ಇರಬಹುದು. ಅದು ತಪ್ಪಲ್ಲ, ಆದರೆ ಹಾಳೆಯಲ್ಲಿ ಹುಡುಕಿ ನೋಡಬೇಕಾದ ಸಾಲು.

ಮೀನಿನ ಜೊತೆ ಪುಕ್ಕಟೆ ಬರ್ತಿದ್ದದ್ದು

ಇಲ್ಲಿ ಒಂದು ಮುಖ್ಯ ವಿಷಯ. ಸಿಗಡಿಗೆ ಫಿಶ್‌ಮೀಲೇ ಬೇಕು ಅಂತೇನಿಲ್ಲ, ಅದಕ್ಕೆ ಬೇಕಾದದ್ದು ಪೋಷಕಾಂಶಗಳು. ಆದರೆ ಫಿಶ್‌ಮೀಲಿನ ಜೊತೆ ನಾವು ಲೆಕ್ಕವೇ ಇಡದ ಎಷ್ಟೋ ಪೋಷಕಾಂಶ ಪುಕ್ಕಟೆ ಬರ್ತಿತ್ತು. ಅದನ್ನು ತೆಗೆದ ದಿನ ಒಂದೊಂದಕ್ಕೂ ಬೇರೆ ಬೇರೆ ಬಿಲ್ ಬರುತ್ತೆ.

ಮೊದಲು ಮೆಥಿಯೊನಿನ್. ಸೋಯಾದಲ್ಲಿ ಈ ಅಮೈನೊ ಆಮ್ಲ ಕಡಿಮೆ, ಫಿಶ್‌ಮೀಲಿನ ಮೂರನೇ ಒಂದು ಭಾಗದಷ್ಟು. ಹೊರಗಿನಿಂದ ಪುಡಿ ಸೇರಿಸಬಹುದು. ಆದರೆ ಸಿಗಡಿ ನಿಧಾನಕ್ಕೆ ತಿನ್ನೋದ್ರಿಂದ, ಬಿಡಿ ಮೆಥಿಯೊನಿನ್ ಬಾಯಿಗೆ ಹೋಗೋ ಮೊದಲೇ ನೀರಿಗೆ ಹೋಗುತ್ತೆ. ಅದಕ್ಕಾಗಿ ಎರಡು ಮೆಥಿಯೊನಿನ್ ಜೋಡಿಸಿದ, ನೀರಲ್ಲಿ ಬೇಗ ಕರಗದ ರೂಪವೂ ಮಾರುಕಟ್ಟೆಯಲ್ಲಿದೆ.

ಆಮೇಲೆ ಕೊಲೆಸ್ಟರಾಲ್. ನಾವು ಡಾಕ್ಟರ ಮುಂದೆ ಕಡಿಮೆ ಮಾಡ್ತೀನಿ ಅಂತ ಮಾತು ಕೊಡೋ ಕೊಲೆಸ್ಟರಾಲ್ ಸಿಗಡಿಗೆ ಜೀವದ್ರವ್ಯ. ನಮ್ಮ ಯಕೃತ್ತು ಅದನ್ನು ತಯಾರಿಸುತ್ತೆ, ಸಿಗಡಿಯ ದೇಹಕ್ಕೆ ತಯಾರಿಸೋಕೆ ಬರಲ್ಲ. ಸಿಗಡಿ ಪೊರೆ ಕಳಚಿ ಬೆಳೆಯೋ ಪ್ರಾಣಿ. ಪೊರೆ ಕಳಚಿಸುವ ಹಾರ್ಮೋನು ತಯಾರಾಗೋದೇ ಕೊಲೆಸ್ಟರಾಲಿನಿಂದ. ಸಸ್ಯಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಮೆಗಾ-3 ಕೊಬ್ಬಿನ ಕಥೆಯೂ ಹೆಚ್ಚು ಕಡಿಮೆ ಇದೇ. ಇನ್ನು ಸೋಯಾದ ರಂಜಕ ಇರೋದು ಹೆಚ್ಚಾಗಿ ಫೈಟಿಕ್ ಆಮ್ಲದ ರೂಪದಲ್ಲಿ, ಸಿಗಡಿಗೆ ಅದನ್ನು ಬಿಡಿಸ್ಕೊಳ್ಳೋದು ಕಷ್ಟ.

ಹೀಗಾಗಿ "ಸೋಯಾ ಸೋತಿತು" ಅಂತ ಬರೆದ ಪ್ರಯೋಗ ಕಂಡಾಗಲೂ ನಾವು ಅನುಮಾನ ಪಡ್ತೀವಿ. ಸೋತದ್ದು ಸೋಯಾದ ಪ್ರೋಟೀನೋ, ಅಥವಾ ಮೀನಿನ ಜೊತೆ ಹೊರಟುಹೋದ ಕೊಲೆಸ್ಟರಾಲೋ? ತಪ್ಪು ಎರಡೂ ಕಡೆ ಆಗುತ್ತೆ.

ಎಲ್ಲಾ ಫೀಡೂ ಒಳ್ಳೆಯದಾಗಿ ಕಂಡ ದಿನ

ಈಗ ನಮ್ಮದೇ ಒಂದು ಎಡವಟ್ಟು ಹೇಳ್ತೀವಿ. ಶುರುವಿನ ದಿನಗಳಲ್ಲಿ ಒಂದು ಹೊಸ ಹಿಟ್ಟನ್ನು ಪರೀಕ್ಷೆ ಮಾಡ್ತಿದ್ವಿ. ಫಿಶ್‌ಮೀಲನ್ನು ಸ್ವಲ್ಪ, ಅರ್ಧ, ಪೂರ್ತಿ ತೆಗೆದ ಫೀಡುಗಳು. ತೊಟ್ಟಿಗಳು ಒಂದು ಶೆಡ್ಡಿನಲ್ಲಿ, ಒಂದು ಬದಿ ಬಿಸಿಲು ಚೆನ್ನಾಗಿ ಬೀಳ್ತಿತ್ತು. ನೀರು ಹಸಿರಾಯ್ತು, ತೊಟ್ಟಿಯ ಗೋಡೆಗೆ ಪಾಚಿ ಕಟ್ಟಿತು. ಸಿಗಡಿ ಆರೋಗ್ಯವಾಗಿವೆ ಅಂತ ನಮಗೂ ಸಂತೋಷ. ಕೊನೆಗೆ ತೂಕ ಮಾಡಿದರೆ ಎಲ್ಲಾ ಫೀಡುಗಳಲ್ಲೂ ಬೆಳವಣಿಗೆ ಒಂದೇ. ಪೂರ್ತಿ ತೆಗೆದದ್ದರಲ್ಲೂ! ಅವತ್ತು ರಾತ್ರಿ ಊಟಕ್ಕೆ ಹೊರಗೆ ಹೋದ್ವಿ.

ಮರುದಿನ ಲ್ಯಾಬಿನ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಫೀಡೇ ಹಾಕದೆ ಒಂದು ತೊಟ್ಟಿ ಇಟ್ಟಿದ್ದರೆ ಅದರಲ್ಲಿ ಎಷ್ಟು ಬೆಳೀತಿತ್ತು?" ನಾವು ಇಟ್ಟಿರಲಿಲ್ಲ. ಅದೇ ಫೀಡುಗಳನ್ನು ಕತ್ತಲೆ ಕೋಣೆಯಲ್ಲಿ, ಸೋಸಿದ ತಿಳಿನೀರಿನಲ್ಲಿ ಮತ್ತೆ ಹಾಕಿದ್ವಿ. ಪೂರ್ತಿ ಬದಲಿಸಿದ ಫೀಡಿನ ಸಿಗಡಿಗಳು ಹಿಂದೆ ಬಿದ್ದವು, ಪೊರೆ ಕಳಚುವಾಗ ಸತ್ತದ್ದೂ ಜಾಸ್ತಿ. ಮೊದಲ ಸಲ ನಮ್ಮ ಫೀಡಿನ ಕೊರತೆಯನ್ನು ತುಂಬಿದ್ದು ಗೋಡೆಯ ಪಾಚಿ.

ಇದು ನಮಗೆ ಹೊಸದಾಗಿತ್ತು ಅಷ್ಟೇ, ವಿಜ್ಞಾನಕ್ಕೆ ಹೊಸದಲ್ಲ. 1987ರಲ್ಲಿ ಇದೇ ಟೆಕ್ಸಸ್‌ನ ಆ್ಯಂಡರ್ಸನ್, ಪಾರ್ಕರ್, ಲಾರೆನ್ಸ್ ಅನ್ನೋ ಸಂಶೋಧಕರು ವನ್ನಾಮಿ ಹೊಂಡದಲ್ಲಿ ಇಂಗಾಲದ ಐಸೊಟೋಪುಗಳನ್ನು ಹಿಂಬಾಲಿಸಿ ನೋಡಿದರು. ಫೀಡಿನ ಇಂಗಾಲಕ್ಕೂ ಹೊಂಡದ ಪಾಚಿ, ಸೂಕ್ಷ್ಮಜೀವಿಗಳ ಇಂಗಾಲಕ್ಕೂ ಗುರುತು ಬೇರೆ ಬೇರೆ. ಸಿಗಡಿಯ ಮೈಯಲ್ಲಿ ಯಾವುದು ಎಷ್ಟು ಅಂತ ನೋಡಿದರೆ, ಬೆಳವಣಿಗೆಯಲ್ಲಿ ಫೀಡಿನ ಪಾಲು ಸುಮಾರು ಕಾಲು ಭಾಗದಿಂದ ಅರ್ಧದ ಒಳಗೆ. ಉಳಿದದ್ದೆಲ್ಲ ಹೊಂಡವೇ ಉಣಿಸಿದ್ದು. ಇವತ್ತಿನ ಒತ್ತೊತ್ತು ಸಾಕಣೆಯಲ್ಲಿ ಫೀಡಿನ ಪಾಲು ಹೆಚ್ಚಿರುತ್ತೆ, ಯಾಕಂದ್ರೆ ಪಾಚಿ ಅಷ್ಟೇ ಇರುತ್ತೆ, ಬಾಯಿ ಜಾಸ್ತಿ ಆಗಿರುತ್ತೆ.

ಇದರ ಅರ್ಥ ಹಸಿರು ನೀರಿನ ಪ್ರಯೋಗ ಸುಳ್ಳು ಅಂತಲ್ಲ. ರೈತರ ಹೊಂಡವೂ ಹಸಿರು ನೀರೇ. ಆದರೆ ಎರಡರ ಕೆಲಸ ಬೇರೆ. ತಿಳಿನೀರು ಹೇಳೋದು ಫೀಡಿನ ಬಗ್ಗೆ, ಹಸಿರು ನೀರು ಹೇಳೋದು ಫೀಡು ಮತ್ತು ಹೊಂಡದ ಜೋಡಿಯ ಬಗ್ಗೆ. ಕಡಿಮೆ ಮರಿ ಬಿಟ್ಟ, ಪಾಚಿ ತುಂಬಿದ ಹೊಂಡದಲ್ಲಿ ಗೆದ್ದ ಫೀಡು, ಎರಡು ಪಟ್ಟು ಮರಿ ಬಿಟ್ಟ ಹೊಂಡದಲ್ಲಿ ಗೆಲ್ಲುತ್ತೆ ಅಂತ ಹೇಳೋಕಾಗಲ್ಲ.

ಆ ಎಡವಟ್ಟಿನಿಂದ ನಾವು ಕಲಿತದ್ದು ಇದು. ಪ್ರಯೋಗದಲ್ಲಿ ಒಂದು ಕೆಟ್ಟ ಫೀಡು ಬೇಕೇ ಬೇಕು. ಬೇಕಂತಲೇ ಕೊರತೆ ಇಟ್ಟು ಮಾಡಿದ ಫೀಡು. ಆ ಫೀಡಿನ ಸಿಗಡಿಗಳು ಹಿಂದೆ ಬಿದ್ದರೆ, ನಮ್ಮ ಪ್ರಯೋಗಕ್ಕೆ ಕಣ್ಣಿದೆ ಅಂತ ಅರ್ಥ. ಅವೂ ಚೆನ್ನಾಗಿ ಬೆಳೆದರೆ, ಹೊಸ ಫೀಡು ಚೆನ್ನಾಗಿ ಬೆಳೆಸಿತು ಅನ್ನೋ ಮಾತಿಗೆ ಬೆಲೆ ಇಲ್ಲ. ಹಾಗೇ ಪ್ರೋಟೀನನ್ನು ಅಗತ್ಯಕ್ಕಿಂತ ಹೆಚ್ಚು ಸುರಿದ ಫೀಡಿನಲ್ಲಿ ಕಳಪೆ ಪ್ರೋಟೀನೂ ಸಾಕಾಗಿಬಿಡುತ್ತೆ. ಪರೀಕ್ಷೆ ಮಾಡಬೇಕಾದದ್ದು ಪ್ರೋಟೀನು ಸ್ವಲ್ಪ ಬಿಗಿಯಾಗಿರುವಾಗ.

ಎಷ್ಟು ತೊಟ್ಟಿ?

ಈಗ "ಗಮನಾರ್ಹ ವ್ಯತ್ಯಾಸ ಇಲ್ಲ" ಅನ್ನೋ ಸಾಲಿಗೆ ಬರೋಣ. ಸ್ವಲ್ಪ ಲೆಕ್ಕ ಇದೆ, ಕಷ್ಟ ಇಲ್ಲ.

ಒಂದೇ ಫೀಡು ಹಾಕಿದ ನಾಲ್ಕು ತೊಟ್ಟಿಗಳಲ್ಲೂ ಸಿಗಡಿ ಒಂದೇ ತೂಕ ಬರಲ್ಲ. ಒಂದರಲ್ಲಿ ಗಾಳಿಯ ಕೊಳವೆ ಸ್ವಲ್ಪ ಕಟ್ಟಿರುತ್ತೆ, ಒಂದು ಬಾಗಿಲ ಹತ್ತಿರ ಇರುತ್ತೆ. ಬಲೆ ಮುಚ್ಚದಿದ್ದರೆ ಸಿಗಡಿ ಹಾರಿ ಪಕ್ಕದ ತೊಟ್ಟಿಗೂ ಬೀಳುತ್ತೆ, ಆಗಿದೆ ನಮಗೆ. ಈ ಸಹಜ ಏರುಪೇರು ಶೇ. 5 ಅಂತ ಇಟ್ಟುಕೊಳ್ಳಿ, ಅದು ಒಳ್ಳೆಯ ಲ್ಯಾಬಿನ ಲೆಕ್ಕ. ಎರಡು ಫೀಡುಗಳ ನಡುವೆ ಶೇ. 5ರ ನಿಜವಾದ ವ್ಯತ್ಯಾಸ ಇದ್ದರೆ, ಅದನ್ನು ಹತ್ತರಲ್ಲಿ ಎಂಟು ಸಲವಾದರೂ ಹಿಡಿಯೋಕೆ ಪ್ರತಿ ಫೀಡಿಗೂ 16–17 ತೊಟ್ಟಿ ಬೇಕು. ಸಾಮಾನ್ಯವಾಗಿ ಇರೋದು ಮೂರು, ನಾಲ್ಕು. ನಾಲ್ಕು ತೊಟ್ಟಿಯಲ್ಲಿ ಅಷ್ಟೇ ಭರವಸೆಯಿಂದ ಕಾಣೋದು ಶೇ. 10–12ರ ಮೇಲಿನ ವ್ಯತ್ಯಾಸ ಮಾತ್ರ.

ಒಂದು ತೊಟ್ಟಿಯಲ್ಲಿ 30 ಸಿಗಡಿ ಇವೆ, ನಾಲ್ಕು ತೊಟ್ಟಿ, ಅಂದ್ರೆ 120 ಸಿಗಡಿ, ಸಾಲದಾ ಅಂತ ಕೇಳಬಹುದು. ಸಾಲಲ್ಲ. ಒಂದೇ ಮನೆಯ ಮೂವತ್ತು ಜನರನ್ನು ಕೇಳಿದರೆ ಮೂವತ್ತು ಊರಿನ ಅಭಿಪ್ರಾಯ ಸಿಗಲ್ಲ. ಒಂದೇ ನೀರು ಹಂಚಿಕೊಂಡ ಸಿಗಡಿಗಳೆಲ್ಲ ಲೆಕ್ಕಕ್ಕೆ ಒಂದೇ ಮನೆ.

ಶೇ. 5 ಅಂದ್ರೆ ರೈತರಿಗೆ ಎಷ್ಟು? ಒಂದು ಕಿಲೋ ಸಿಗಡಿಗೆ 1.5 ಕಿಲೋ ಫೀಡು ಹೋಗ್ತಿದ್ದದ್ದು ಶೇ. 5 ಏರಿ 1.575 ಆಯ್ತು ಅಂತಿಟ್ಟುಕೊಳ್ಳಿ. 5 ಟನ್ ಬೆಳೆಗೆ 375 ಕಿಲೋ ಫೀಡು ಹೆಚ್ಚು. ಕಿಲೋಗೆ 90 ರೂಪಾಯಿ ಅಂತ ಹಿಡಿದರೂ 33,750 ರೂಪಾಯಿ. ಲ್ಯಾಬಿನ ಕಣ್ಣಿಗೆ ಬೀಳದ ವ್ಯತ್ಯಾಸ ಬ್ಯಾಂಕಿನ ಕಣ್ಣಿಗೆ ಬೀಳುತ್ತೆ. ಸಿಗಡಿ ಸಾಕಣೆಯ ಖರ್ಚಿನಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಫೀಡಿನದೇ ಇರುತ್ತೆ, ಇದನ್ನು ಮರೆಯೋ ಹಾಗಿಲ್ಲ.

ಇನ್ನೊಂದು ಬಲೆ. ತೊಟ್ಟಿಯಲ್ಲಿ ಕೆಲವು ಸಿಗಡಿ ಸತ್ತರೆ ಉಳಿದವಕ್ಕೆ ಊಟ, ಜಾಗ ಎರಡೂ ಜಾಸ್ತಿ. ಸತ್ತವನ್ನು ತಿನ್ನೋದೂ ಉಂಟು. ಆಗ ಸರಾಸರಿ ತೂಕ ಏರುತ್ತೆ! ಸಿಗಡಿಗಳನ್ನು ಕೊಲ್ಲುವ ಫೀಡು ಸರಾಸರಿ ತೂಕದಲ್ಲಿ ಗೆದ್ದಂತೆ ಕಾಣಬಹುದು. ಹಾಗಾಗಿ ತೂಕ, ಬದುಕಿದ ಸಂಖ್ಯೆ, ಒಟ್ಟು ಇಳುವರಿ, ಮೂರನ್ನೂ ಒಟ್ಟಿಗೆ ನೋಡಬೇಕು.

ಚೆನ್ನಾಗಿ ಮಾಡಿದ ಪ್ರಯೋಗಗಳೂ ಇವೆ

ಇಷ್ಟೆಲ್ಲ ಕೇಳಿ, ಹಾಗಾದರೆ ಫಿಶ್‌ಮೀಲ್ ತೆಗೆಯೋದೇ ತಪ್ಪಾ ಅಂತ ಅನ್ನಿಸಬಹುದು. ಖಂಡಿತ ಅಲ್ಲ. 2007ರಲ್ಲಿ ಅಲಬಾಮಾದ ಆಬರ್ನ್ ವಿಶ್ವವಿದ್ಯಾಲಯದ ಅಮಾಯ, ಡೇವಿಸ್, ರೌಸ್ ಒಂದು ಪ್ರಯೋಗ ಪ್ರಕಟಿಸಿದರು. ತೊಟ್ಟಿಯಲ್ಲಲ್ಲ, ಒಂದೊಂದೂ ಸುಮಾರು ಕಾಲು ಎಕರೆಯ ಹೊಂಡಗಳಲ್ಲಿ. ಫಿಶ್‌ಮೀಲನ್ನು ಶೇ. 9, 6, 3, ಸೊನ್ನೆ ಹೀಗೆ ಇಳಿಸುತ್ತಾ ಸೋಯಾ ಏರಿಸಿದರು. ವನ್ನಾಮಿಯ ಬೆಳೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮೀನಿನ ಹಿಟ್ಟಿಲ್ಲದೆ ಹೊಂಡದಲ್ಲಿ ಬೆಳೆ ತೆಗೆಯಬಹುದು ಅಂತ ತೋರಿಸಿದ ಮುಖ್ಯ ಕೆಲಸ ಅದು.

ಆದರೆ ಓದುವಾಗ ಎರಡು ವಿಷಯ ಗಮನಿಸಿ. ಆ ಎಲ್ಲಾ ಫೀಡುಗಳಲ್ಲೂ ಶೇ. 16ರಷ್ಟು ಕೋಳಿ ಉಪೋತ್ಪನ್ನದ ಹಿಟ್ಟು ಇತ್ತು. ಅಂದ್ರೆ ಪ್ರಾಣಿಮೂಲದ ಪ್ರೋಟೀನು ಇತ್ತು, ಮೀನಿನದು ಮಾತ್ರ ಇರಲಿಲ್ಲ. ಎರಡನೆಯದು, ಹೋಲಿಕೆಗೆ ಇಟ್ಟ ಫೀಡಿನಲ್ಲೂ ಫಿಶ್‌ಮೀಲ್ ಇದ್ದದ್ದು ಶೇ. 9 ಮಾತ್ರ. ಸಂಶೋಧಕರು ಇದನ್ನೆಲ್ಲ ಮುಚ್ಚಿಡದೆ ಬರೆದಿದ್ದಾರೆ. ಅದನ್ನು "ಬರೀ ಸೋಯಾ ಸಾಕು" ಅಂತ ತಿರುಗಿಸಿ ಹೇಳುವವರ ತಪ್ಪಿಗೆ ಅವರು ಹೊಣೆಯಲ್ಲ.

ಹುಳದ ಹಿಟ್ಟಿನದ್ದು ಬೇರೆ ಚಿತ್ರ. 2017ರಲ್ಲಿ ಅಮೆರಿಕದ ಕಮಿನ್ಸ್ ಮತ್ತು ಸಂಗಡಿಗರು ಕಪ್ಪು ಸೈನಿಕ ನೊಣದ ಹುಳದ ಹಿಟ್ಟನ್ನು ವನ್ನಾಮಿಗೆ ಹಂತ ಹಂತವಾಗಿ ಏರಿಸಿ ನೋಡಿದಾಗ, ಪ್ರಮಾಣ ಹೆಚ್ಚಿದಂತೆ ಬೆಳವಣಿಗೆ ಕುಗ್ಗಿತು. ಫಿಶ್‌ಮೀಲಿನ ಕಾಲು ಭಾಗದ ಒಳಗೆ ಬದಲಿಸೋದು ಸೂಕ್ತ ಅಂತ ಅವರ ಅಂದಾಜು. ಇಂಥ ಏಣಿಯಂಥ ಪ್ರಯೋಗಗಳು ನಮಗೆ ಇಷ್ಟ. ಎಲ್ಲಿಯ ತನಕ ಹೋಗಬಹುದು, ಎಲ್ಲಿ ಜಾರುತ್ತೆ ಅಂತ ಎರಡನ್ನೂ ತೋರಿಸ್ತವೆ. ಜಾರಿದ್ದು ಕಂಡಿದ್ದರಿಂದಲೇ, ಜಾರದ ಮೆಟ್ಟಿಲನ್ನು ನಂಬಬಹುದು.

ಭಾರತದಲ್ಲಿ ಚೆನ್ನೈನ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ, ಅಂದ್ರೆ ಸಿಬಾ, ಈ ಕ್ಷೇತ್ರದಲ್ಲಿ ಬಹಳ ಕೆಲಸ ಮಾಡಿದೆ. ದೇಶದಲ್ಲೇ ಸಿಗುವ ಪದಾರ್ಥ ಬಳಸಿದ ಅವರ "ವನ್ನಾಮಿ ಪ್ಲಸ್" ಫೀಡಿನ ಹೆಸರನ್ನು ಸಾಕಣೆದಾರರು ಕೇಳಿರಬಹುದು.

ಹಾಗಾದರೆ ಕುಮಟಾದ ಅಣ್ಣನಿಗೆ ಏನು ಹೇಳೋದು?

ದುಬೈನ ಗೆಳೆಯರೇ, ನಿಮ್ಮ ಅಣ್ಣನಿಗೆ ಹೀಗೆ ಹೇಳಿ. ಆ ಫೀಡು ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಅದು ಒಳ್ಳೆಯದೇ ಇರಬಹುದು. ಆ ಹಾಳೆಯೊಂದರಿಂದ ಅದು ಗೊತ್ತಾಗಲ್ಲ ಅಷ್ಟೇ. ಏಜೆಂಟ್ ಮತ್ತೆ ಬಂದಾಗ ಕೂರಿಸಿ, ಚಹಾ ಕೊಟ್ಟು, ಐದು ಪ್ರಶ್ನೆ ಕೇಳಲಿ. ಪ್ರಯೋಗ ಆದದ್ದು ತಿಳಿನೀರಲ್ಲೋ ಹಸಿರು ನೀರಲ್ಲೋ? ಪ್ರತಿ ಫೀಡಿಗೆ ಎಷ್ಟು ತೊಟ್ಟಿ ಅಥವಾ ಹೊಂಡ? ಒಂದು ಚದರ ಮೀಟರಿಗೆ ಎಷ್ಟು ಮರಿ ಬಿಟ್ಟಿದ್ದರು, ನಮ್ಮಷ್ಟೇನಾ? ಹೋಲಿಸಿದ್ದು ಯಾವ ಫೀಡಿಗೆ? ಕೊನೆಗೆ ಎಷ್ಟು ಸಿಗಡಿ ಬದುಕಿದ್ದವು?

ಉತ್ತರ ಸಮಾಧಾನ ಕೊಟ್ಟರೂ ಸಾಲದ ಬೆಳೆಯನ್ನು ಪೂರ್ತಿ ಒಂದೇ ಸಲ ಹೊಸ ಫೀಡಿಗೆ ಹಾಕೋದು ಬೇಡ. ಒಂದಕ್ಕಿಂತ ಹೆಚ್ಚು ಹೊಂಡ ಇದ್ದರೆ ಒಂದರಲ್ಲಿ ಮಾತ್ರ ಹಾಕಿ ನೋಡಲಿ. ಮರಿ ಒಂದೇ ಹ್ಯಾಚರಿಯದ್ದು, ಬಿಟ್ಟ ದಿನ ಒಂದೇ, ಸಾಂದ್ರತೆ ಒಂದೇ ಇರಲಿ. ಚೆಕ್ ಟ್ರೇಯಲ್ಲಿ ಉಳಿದ ಫೀಡನ್ನು ಎರಡೂ ಹೊಂಡದಲ್ಲಿ ದಿನಾ ಬರೆದಿಡಲಿ, ವಾರಕ್ಕೊಮ್ಮೆ ತೂಕ ನೋಡಲಿ. ಒಂದು ಹೊಂಡದ ಫಲಿತಾಂಶ ವಿಜ್ಞಾನಕ್ಕೆ ಸಾಲದು, ನಿಜ. ಆದರೆ ಅಕ್ಕಪಕ್ಕದ ನಾಲ್ಕು ಸಾಕಣೆದಾರರು ಸೇರಿ, ತಲಾ ಒಂದು ಹೊಂಡ ಹಳೆ ಫೀಡು, ಒಂದು ಹೊಂಡ ಹೊಸ ಫೀಡು ಅಂತ ಮಾಡಿ ಪುಸ್ತಕ ಹೋಲಿಸಿದರೆ, ಆಗಲೇ ಆ ಹಾಳೆಗಿಂತ ಹೆಚ್ಚು ಗೊತ್ತಾಗುತ್ತೆ. ಅದೂ ತಮ್ಮದೇ ನೀರಿನ ಬಗ್ಗೆ.

ಬೂತಾಯಿ ಮನೆಯ ಗಸಿಗೆ ಉಳಿಯಬೇಕು ಅನ್ನೋ ಆಸೆ ನಮಗೂ ಇದೆ. ಅದಕ್ಕೇ ಈ ಕೆಲಸ ಮಾಡ್ತಿದ್ದೀವಿ. ಆದರೆ ಆ ಆಸೆಯ ಖರ್ಚು, ಸರಿಯಾಗಿ ಪರೀಕ್ಷೆಯಾಗದ ಚೀಲದ ರೂಪದಲ್ಲಿ ಸಾಲ ಮಾಡಿದ ಸಾಕಣೆದಾರರ ತಲೆಗೆ ಬರಬಾರದು.

ನಿಮ್ಮ ಊರಿನ ಹೊಂಡ, ತೋಟ, ಕೊಟ್ಟಿಗೆಗೆ ಇಂಥದ್ದೇ ಹಾಳೆ ಬಂದಿದ್ದರೆ ನಮಗೆ ಕಳಿಸಿ. ಕೂತು ಓದೋಣ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.